ದೊಡ್ಡವ್ವನ ಒಲೆಯ ಮುಂದಿನ ಪ್ರವಚನ

ಹುಕ್ಕೇರಿಯಲ್ಲಿ ನಾನಿರುವ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಸಂಜೆಯಾದರೆ ರೊಟ್ಟಿ ಬಡಿಯುತ್ತಾರೆ. ಹಂಚಿನ ಮೇಲೆ ಜೋಳದ ಹಿಟ್ಟು ಕೊಂಚ ಸೀದ ವಾಸನೆ ಕಿಟಕಿಯಿಂದ ಬಂತೆಂದರೆ ನನಗೆ ಹಸಿವಾಗುವುದಿಲ್ಲ, ಓದಬೇಕೆನಿಸುತ್ತದೆ. ನಗಬೇಡಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾನು ಈಗ ಇನ್ನೊಂದು ಪರೀಕ್ಷೆಗೆ ಕಟ್ಟಿದ್ದೇನೆ. ಪುಸ್ತಕವೋ ಮೊದಲ ಪುಟದಲ್ಲೇ ತೆರೆದುಕೊಂಡು ಬಿದ್ದಿದೆ. ಹಾಗಾಗಿ ಆ ವಾಸನೆಗೆ ಕಾಯುತ್ತೇನೆ.

ಇದರ ಮೂಲ ನಮ್ಮೂರು ಕುಲಗೋಡದಲ್ಲಿದೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಗೋಕಾಕದ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದೆ. ಹುಡುಗ ನರ್ಸ್ ಆಗುವುದೇ ಊರಿಗೆ ಒಂದು ಮೋಜು. ಅದರ ಮೇಲೆ ಕನ್ನಡ ಶಾಲೆಯಲ್ಲಿ ಕಲಿತವನ ಕೈಗೆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದರಲ್ಲಿ ನನ್ನಷ್ಟು ಶ್ರದ್ಧೆ ಯಾರಿಗೂ ಇರಲಿಲ್ಲ. ಅಂಟು ಒಣಗುವಷ್ಟರಲ್ಲಿ ಶ್ರದ್ಧೆಯೂ ಒಣಗುತ್ತಿತ್ತು. ಬಣ್ಣದ ಪೆನ್ನಿನಲ್ಲಿ ಮುಖ್ಯವಾದ ಸಾಲುಗಳಿಗೆ ಗೆರೆ ಎಳೆಯುತ್ತಾ ಹೋಗಿ, ಕೊನೆಗೆ ಗೆರೆ ಇಲ್ಲದ ಸಾಲೇ ಉಳಿಯಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಡುಮ್ಕಿ ಹೊಡೆದೆ.

ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಶ್ರಾವಣದ ಪ್ರವಚನ ತಪ್ಪಿಸಿದವಳಲ್ಲ. ಮಠದಲ್ಲಿ ತಿಂಗಳಿಡೀ ಸಂಜೆ ಸ್ವಾಮಿಗಳು ಹೇಳುತ್ತಾರೆ, ನಿನ್ನೆಯದನ್ನು ಎತ್ತಿಕೊಂಡೇ ಇಂದಿನದಕ್ಕೆ ಹೋಗುತ್ತಾರೆ. ಆ ವರ್ಷ ಮಾತ್ರ ಅವಳು ನಡುವೆಯೇ ಹೋಗುವುದನ್ನು ಬಿಟ್ಟಳು. ದಾರಿಯಲ್ಲಿ ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲವಂತೆ. ಹಿಂದೆ ಬರುವ ಹೆಂಗಸರು ಅದನ್ನು ಹಿಡಿದುಕೊಂಡು ನಗುತ್ತಾ ಬರುತ್ತಿದ್ದರು. ಅವಳಿಗೆ ನಾಚಿಕೆಯಾಗಿತ್ತು.

"ಮಠಕ್ಕ ಹೋಗೂದಂತೂ ತಪ್ಪೇತಿ. ನೀನರ ಏನರ ಹೇಳು," ಎಂದಳು ರೊಟ್ಟಿ ಬಡಿಯುತ್ತಾ.

"ನಾ ಏನ ಹೇಳ್ಲಿ ದೊಡ್ಡವ್ವ?"

"ನಿನ್ನ ಬುಕ್ಕಿನಾಗ ಇದ್ದದ್ದ ಹೇಳು. ಇಂಗ್ಲಿಷ್ ಮಂತ್ರ ಬ್ಯಾಡ, ನನಗ ತಿಳಿಯೂ ಹಂಗ ಹೇಳು."

ಹೀಗೆ ನಾನು ಒಲೆಯ ಮುಂದೆ ಪ್ರವಚನಕಾರನಾದೆ. ಹೃದಯ, ಮೂತ್ರಪಿಂಡ, ಜ್ವರದವರ ಆರೈಕೆ, ಎಲ್ಲವೂ ಅಲ್ಲಿ ಕನ್ನಡಕ್ಕೆ ಇಳಿದವು. ಅವಳಿಗೆ ತಿಳಿಸಬೇಕಾದರೆ ಮೊದಲು ನನಗೆ ತಿಳಿಯಬೇಕು. ಈ ತೊಂದರೆ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕೂತ ಕೂಡಲೇ ಅವಳದು ಒಂದೇ ಪ್ರಶ್ನೆ: "ನಿನ್ನಿ ಎಲ್ಲಿಗೆ ಬಿಟ್ಟಿದ್ದಿ?" ನಿನ್ನೆಯದನ್ನು ಒಪ್ಪಿಸದೆ ಇಂದಿನ ಬಿಸಿ ರೊಟ್ಟಿ ಸಿಗುತ್ತಿರಲಿಲ್ಲ. ನನ್ನ ವ್ಯಾಸಂಗದ ಶಿಸ್ತು ಎಂದು ಆಮೇಲೆ ಮೇಷ್ಟ್ರು ಹೊಗಳಿದ್ದು ಈ ಹೊಟ್ಟೆಬಾಕತನವನ್ನೇ.

ಒಂದು ಸಂಜೆ ಸಕ್ಕರೆ ಕಾಯಿಲೆಯ ಪಾಠ ಬಂತು. ಈ ಕಾಯಿಲೆ ಹಳೆಯದಾದರೆ ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ, ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ ಎಂದು ಸರಾಗವಾಗಿ ಹೇಳಿಬಿಟ್ಟು, ಅಲ್ಲಿಗೇ ನಿಂತೆ. ದೊಡ್ಡವ್ವ ವರ್ಷಗಳಿಂದ ಸಕ್ಕರೆಯ ಗುಳಿಗೆ ನುಂಗುವವಳು. ಅವಳ ಕೈಯೂ ನಿಂತಿತು.

"ಕಾಲಿನ ಹೆಬ್ಬೆರಳಿನ ಬುಡಕ ಗಾಯ ಆಗೇತಿ," ಎಂದಳು ಮೆಲ್ಲಗೆ. "ಅರಿಷಿಣ ಹಚ್ಚೇನಿ. ನೋವಿಲ್ಲಂತ ಸುಮ್ಮನಿದ್ದೆ. ನೋವಿಲ್ಲಂದ್ರ ಛಲೋನ ಅಲ್ಲೇನು?"

"ಅಲ್ಲ ದೊಡ್ಡವ್ವ."

"ಹಂಗಾದ್ರ ಮುಂದ ಏನಾಗತೈತಿ?"

ಮುಂದಿನದನ್ನು ನಾನು ಓದಿರಲಿಲ್ಲ. ಅವಳೆದುರೇ ಪುಟ ತಿರುಗಿಸಿದೆ. ಪರೀಕ್ಷೆಯ ನೆನಪಿಲ್ಲದೆ, ಏನಾಗುತ್ತದೆಂದು ತಿಳಿಯಲೇಬೇಕಾಗಿ ನಾನು ತಿರುಗಿಸಿದ ಮೊದಲ ಪುಟ ಅದು. ನನಗೆ ಭಯವಾಗಿತ್ತು. ಅಲಕ್ಷ್ಯ ಮಾಡಿದರೆ ಕಾಲನ್ನೇ ತೆಗೆಯಬೇಕಾದೀತು ಎಂದಿತ್ತು ಅಲ್ಲಿ. ಮುಚ್ಚಿಡದೆ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ನಾಳಿ ನಿನ್ನ ಬಸ್ಸಿಗೇ ನನ್ನನೂ ಕರಕೊಂಡ ಹೋಗು," ಎಂದಳು.

ಗೋಕಾಕದ ಆಸ್ಪತ್ರೆಯಲ್ಲಿ ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಮಾಡಿದವರು ವೈದ್ಯರು, ನಾನು ಚೀಲ ಹಿಡಿದು ನಿಂತವನು. ಆದರೆ ಮನೆಗೆ ಬಂದ ಮೇಲೆ ಗಾಯ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಆ ಗಾಯ ಮಾಯುವವರೆಗೆ ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಎಲ್ಲರಿಗೂ ಬೇಸರ ತರಿಸಿದೆ. ವರ್ಷದ ಕೊನೆಗೆ ಪಾಸೂ ಆದೆ.

ಈಗ ಮತ್ತೆ ಶ್ರಾವಣ. ನಿನ್ನೆ ಸಂಜೆ ಪಕ್ಕದ ಮನೆಯ ವಾಸನೆ ಬಂದರೂ ಓದು ಸಾಗಲಿಲ್ಲ. ಊರಿಗೆ ಫೋನ್ ಮಾಡಿದೆ.

"ಓದಾಕ ಕುಂತೇನಿ ದೊಡ್ಡವ್ವ. ಹೇಳ್ಲೇನು?"

"ಈಗ ಆಗೂದಿಲ್ಲೋ ತಮ್ಮಾ. ಮಠಕ್ಕ ಹೊಂಟೇನಿ, ಹೊತ್ತಾಗೇತಿ."

ಸ್ವಾಮಿಗಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಫೋನ್ ಕಟ್ ಮಾಡುವುದು ಅವಳಿಗೆ ಇನ್ನೂ ರೂಢಿಯಾಗಿಲ್ಲ, ಹಾಗೆಯೇ ಚೀಲದಲ್ಲಿ ಹಾಕಿಕೊಂಡಿರಬೇಕು. ಹಿಮ್ಮಡಿಗೆ ಪಟ್ಟಿ ಇರುವ ಅವಳ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು: ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ, ಎಲ್ಲಿಯೂ ನಿಲ್ಲದೆ. ನಾನೂ ಕಟ್ ಮಾಡಲಿಲ್ಲ. ಫೋನನ್ನು ಪುಸ್ತಕದ ಪಕ್ಕಕ್ಕಿಟ್ಟುಕೊಂಡು, ಆ ಸಪ್ಪಳಕ್ಕೇ ಮೊದಲ ಪುಟವನ್ನು ಕನ್ನಡದಲ್ಲಿ ಹೇಳತೊಡಗಿದೆ.