ಹನಿಯಕ್ಕನ ದೊಡ್ಡ ಓಲೆ

ಬೆಳಗಿನ ಆರು ಗಂಟೆ. ಏಡ್ಸ್ ಚಿಕಿತ್ಸಾ ಕೇಂದ್ರದ ಬೀಗ ತೆಗೆದು ಆ ಹೆಂಗಸು ಬೆಂಚು ಒರೆಸುತ್ತಾರೆ, ಕೈ ತೊಳೆದು ಕಣ್ಣಿನ ಪಾಪೆ ಅಗಲಿಸುವ ಹನಿಯ ಬಾಟಲಿಗಳನ್ನು ಸಾಲಾಗಿ ಇಡುತ್ತಾರೆ. ಹುದ್ದೆ ಸಹಾಯಕಿ. ಹನಿ ಹಾಕುವವರೆಂದು ಎಲ್ಲರ ಬಾಯಲ್ಲಿ ಹನಿಯಕ್ಕ.

ದಿನಕ್ಕೆ ನಲವತ್ತು ಜನ, ಎಂಬತ್ತು ಕಣ್ಣು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಸೇರಿದ ಹೊಸದರಲ್ಲಿ, ರೋಗ ಅಂಟೀತೆಂದು ಅತ್ತೆ ಇವರ ತಟ್ಟೆ ಲೋಟ ಬೇರೆ ಇಟ್ಟಿದ್ದರಂತೆ. "ಆಮೇಲೆ ಅವರಿಗೇ ಪೊರೆ ಆಪರೇಷನ್ ಆಯ್ತು. ಹನಿ ಹಾಕೋಕೆ ಈ ಸೊಸೆ ಕೈಯೇ ಬೇಕಾಯ್ತು ನೋಡಿ!" ಎಂದು ನಗುತ್ತಾರೆ.

ಹಿಂದೆ ಚಿಕಿತ್ಸೆಗೆ ಬರುತ್ತಿದ್ದ ಬಡಗಿಯೊಬ್ಬನ ಮಾತು ಬಂದಾಗ ಆ ನಗು ಮಾಯ. "ಕಣ್ಣು ಹೇಗಿದೆಯಣ್ಣ ಅಂದೆ. ಚೆನ್ನಾಗಿದೆ ಅಂದ, ಕಳಿಸಿಬಿಟ್ಟೆ. ಒಂದು ಕಣ್ಣು ಆಗ್ಲೇ ಹೋಗ್ತಿತ್ತು. ಎರಡೂ ತೆರೆದಿದ್ರೆ ಒಂದರ ಕೊರತೆ ಇನ್ನೊಂದು ತುಂಬಿಬಿಡುತ್ತೆ. ತಪ್ಪು ನಂದೇ."

ಏಡ್ಸ್‌ನಿಂದ ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ, ಒಳಗೆ ತೆಪ್ಪಗಿದ್ದ ವೈರಸ್ಸೊಂದು ಎದ್ದು ಕಣ್ಣಿನ ಹಿಂದಿನ ಪರದೆಯನ್ನು ತಿನ್ನತೊಡಗುತ್ತದೆ. ನೋವಿಲ್ಲ, ಕೆಂಪಿಲ್ಲ. ಹೋದ ನೋಟ ಮರಳದು. ಬೇಗ ಪತ್ತೆಯಾದರೆ ಉಳಿದದ್ದನ್ನು ಕಾಪಾಡಬಹುದು. ಹಾಗಾಗಿ ಹನಿಯಕ್ಕ ಈಗ ಯಾರ "ಚೆನ್ನಾಗಿದೆ"ಯನ್ನೂ ನಂಬುವುದಿಲ್ಲ. ಎದುರು ಕೂತು ಒಂದು ಕಣ್ಣು ಮುಚ್ಚಿಸುತ್ತಾರೆ. "ನನ್ನ ಮೂಗನ್ನೇ ನೋಡಿ. ಎರಡೂ ಓಲೆ ಕಾಣ್ತಾವಾ?" ಬಿಲ್ಲೆಯಷ್ಟು ಅಗಲದ ಆ ಕೆಂಪು ಓಲೆ ಶೋಕಿಗಲ್ಲ, ಬದಿಯ ನೋಟ ಉಳಿದಿದೆಯೇ ಎಂದು ತಿಳಿಯಲು.

ಈ ದಿನ ಗುಳಿಗೆ ಒಯ್ಯಲು ಬಂದ ದರ್ಜಿ ಹೆಂಗಸಿಗೆ ಎಲ್ಲಿಲ್ಲದ ಅವಸರ. "ಕಣ್ಣಿಗೇನಾಗಿಲ್ಲಕ್ಕ, ಆಗಾಗ ನೊಣ ಹಾರಿದ ಹಾಗೆ, ಅಷ್ಟೇ. ಗಿರಾಕಿ ಕಾಯ್ತಿದ್ದಾರೆ."

"ಕಾಯ್ಲಿ ಬಿಡು. ಬಲಗಣ್ಣು ಮುಚ್ಚು."

ಅವಳು ಮುಚ್ಚಿ, ನೋಡಿ, ನಕ್ಕೇಬಿಡುತ್ತಾಳೆ. "ಇದೇನಕ್ಕ, ಒಂದೇ ಓಲೆ ಹಾಕ್ಕೊಂಡು ಬಂದಿದೀರಾ?"

ಹನಿಯಕ್ಕನ ಕಿವಿಯಲ್ಲಿ ಎರಡೂ ಓಲೆ ಇವೆ. ಕೂಡಲೇ ಹನಿ ಹಾಕುತ್ತಾರೆ, ಪಾಪೆ ಅರಳುವವರೆಗೆ ಅವಳ ಕೈ ಹಿಡಿದು ಕೂರುತ್ತಾರೆ, ಸಾಲು ತಪ್ಪಿಸಿ ಒಳಗೆ ಕರೆದೊಯ್ಯುತ್ತಾರೆ. ಕಾದವರು ಗೊಣಗುತ್ತಾರೆ; ಗೊಣಗಲಿ.

ವೈದ್ಯರು ಬಹಳ ಹೊತ್ತು ಬೆಳಕು ಬಿಟ್ಟು ನೋಡುತ್ತಾರೆ. ಎಡಗಣ್ಣಿನ ಪರದೆಯ ಅಂಚು ಕೆಟ್ಟಿದೆ, ನಡುಭಾಗ ಭದ್ರವಾಗಿದೆ. ಔಷಧಿ ಇವತ್ತೇ ಶುರು.

"ಸೂಜಿಗೆ ದಾರ ಪೋಣಿಸೋಕಾಗುತ್ತಾ ಡಾಕ್ಟ್ರೇ?" ಅವಳು ಕೇಳುತ್ತಾಳೆ.

"ತಪ್ಪದೆ ಬಂದ್ರೆ ಖಂಡಿತ ಆಗುತ್ತೆ. ಇನ್ನೊಂದು ತಿಂಗಳು ತಡ ಮಾಡಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ."

ಹೊರಗೆ ಬಂದ ಹನಿಯಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಕಣ್ಣು ಉಳಿಸೋದು ಡಾಕ್ಟ್ರು. ನಂದೇನಿಲ್ಲ," ಎನ್ನುತ್ತಾರೆ. "ಅಲ್ಲ, ಯಾಕೆ ಸುಳ್ಳು ಹೇಳ್ಲಿ? ಇವತ್ತು ಅವಳನ್ನ ತಡೆದು ನಿಲ್ಲಿಸಿದ್ದು ನಾನೇ."