ಕಾಲರಮ್ಮನ ಕೈ

ನಮ್ಮತ್ತೆ ದರ್ಜಿ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಕಾಲರಮ್ಮ ಎಂದು. ಅವರು ಕೂರಿಸಿದ ಕಾಲರು ಅಂಗಿ ಹರಿದರೂ ಬಗ್ಗುತ್ತಿರಲಿಲ್ಲ. ಅವರೂ ಅಷ್ಟೇ, ಯಾರಿಗೂ ಬಗ್ಗಿದವರಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹೊಲಿದ ತೋಳನ್ನು ನನ್ನೆದುರೇ ಬಿಚ್ಚಿ, "ಇದನ್ನ ಹಾಕ್ಕೊಂಡೋರು ಕೈ ಎತ್ತೋದು ಬೇಡ್ವಾ?" ಎಂದು ಕೇಳಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಆದರೂ ಕೆಲಸ ಕಲಿತದ್ದು ಅವರ ಕೈಕೆಳಗೇ.

ಮರೆವು ಮೊದಲು ಅಳತೆಗಳನ್ನು ತಿಂದಿತು, ಆಮೇಲೆ ಗಿರಾಕಿಗಳ ಮುಖಗಳನ್ನು. ಇದು ಬರಬರುತ್ತ ಹೆಚ್ಚಾಗುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ನಾನು ಅತ್ತೆಯನ್ನು ದಿನಾ ನಮ್ಮ ಹೊಲಿಗೆ ಅಂಗಡಿಗೆ ಕರೆತಂದು ಕಿಟಕಿಯ ಪಕ್ಕ ಕೂರಿಸುತ್ತಿದ್ದೆ. ಅಲ್ಲಿ ಅವರು ಆಗಾಗ ಎಲ್ಲೋ ನೋಡುತ್ತ, ತುಟಿ ಚಪ್ಪರಿಸುತ್ತ, ಬಲಗೈಯಿಂದ ತಮ್ಮ ಉಡುಪಿನ ಅಂಚನ್ನು ಹೆಕ್ಕತೊಡಗುತ್ತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ.

ಅದೇನೆಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ಕಚ್ಚಾ ಹೊಲಿಗೆಯ ದಾರ ಕೀಳುತ್ತಿದ್ದಾರೆ! ಪಕ್ಕಾ ಹೊಲಿಗೆ ಹಾಕಿದ ಮೇಲೆ ಆ ದಾರ ಹೆಕ್ಕಿ ತೆಗೆಯುವುದು ಅವರು ಜೀವಮಾನವಿಡೀ ಮಾಡಿದ ಕೆಲಸ. "ನೋಡು, ತಲೆ ಮರೆತ್ರೂ ಕೈ ಮರೆತಿಲ್ಲ" ಎಂದು ನನ್ನ ಗಂಡ ಹಿಗ್ಗುತ್ತಿದ್ದರು. ನಾನಂತೂ ಕಚ್ಚಾ ಹೊಲಿಗೆ ಹಾಕಿದ ತುಂಡುಬಟ್ಟೆಯನ್ನೇ ಅವರ ಮಡಿಲಿಗೆ ಇಡುತ್ತಿದ್ದೆ. ದರ್ಜಿಗಳ ಬುದ್ಧಿಯೇ ಇಷ್ಟು, ಎಲ್ಲದರಲ್ಲೂ ಹೊಲಿಗೆಯೇ ಕಾಣುತ್ತದೆ.

ಅತ್ತೆ ದಿನೇ ದಿನೇ ಇಳಿದುಹೋದರು. ಒಂದು ಮಧ್ಯಾಹ್ನ ಕುರ್ಚಿಯಿಂದ ಉರುಳಿ, ಕೈಕಾಲು ಸೆಟೆದು ಅದುರತೊಡಗಿದರು. ನಾನು ಕತ್ತರಿಗಳನ್ನು ದೂರ ತಳ್ಳಿ, ಅವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಯಾರದೋ ಅರ್ಧ ಹೊಲಿದ ಕೋಟು ಇಟ್ಟೆ.

ಆಸ್ಪತ್ರೆಗೆ ಓಡಿ ಬಂದ ನಾದಿನಿ ಕಡ್ಡಿ ಮುರಿದಂತೆ ಹೇಳಿದಳು: "ಅತ್ತಿಗೆ, ಸಾಕು. ಸುತ್ತಲೂ ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆ. ಇನ್ನೊಂದು ಸಲ ಹೀಗಾದ್ರೆ ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸೋದೇ."

ಅಂಗಡಿ ತಪ್ಪಿದರೆ ಅತ್ತೆ ಪೂರ್ತಿ ಕೈತಪ್ಪುತ್ತಾರೆ ಎಂಬ ಹೆದರಿಕೆ ನನಗೆ.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು, "ಮುಂಚೆ ಏನಾದ್ರೂ ಗಮನಿಸಿದ್ರಾ? ಮಾತಾಡಿಸಿದ್ರೂ ಗೊತ್ತಾಗದ ಹಾಗೆ ಕೂತಿರೋದು, ಬಟ್ಟೆ ಹೆಕ್ಕೋದು?"

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. "ದಾರ ಕೀಳ್ತಾರೆ" ಎಂದರು ಅವರು, ಪೆಚ್ಚಾಗಿ.

ಬಿದ್ದಾಗ ಬಂದದ್ದು ಫಿಟ್ಸ್, ಅವೂ ಅಂಥವೇ ಸಣ್ಣ ಮೂರ್ಛೆಗಳಿರಬೇಕು ಎಂದು ಡಾಕ್ಟರಮ್ಮ ವಿವರಿಸಿದರು. ಮರೆವನ್ನು ವಾಸಿ ಮಾಡಲಾಗದು, ಮೂರ್ಛೆಗೆ ಮದ್ದಿದೆ. ಅದು ನಿಂತರೆ ಮಂಪರು ಒಂದಿಷ್ಟು ಕಡಿಮೆಯಾಗಬಹುದು.

ಮಾತ್ರೆ ಶುರುವಾಯಿತು. ಮೊದಮೊದಲು ಬರೀ ನಿದ್ದೆ. ಡಾಕ್ಟರಮ್ಮ ಪ್ರಮಾಣ ತಗ್ಗಿಸಿದರು. ಇಸ್ತ್ರಿಪೆಟ್ಟಿಗೆ ಒಳಕೋಣೆ ಸೇರಿತು, ಅತ್ತೆಗೆ ತಗ್ಗಿನ ಕುರ್ಚಿ ಬಂತು. ಹೆಕ್ಕುವುದು ಅಪರೂಪವಾಗಿ, ಕೊನೆಗೆ ನಿಂತೇಹೋಯಿತು. ನಾನು ಮಾತ್ರ ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಅವರ ಮೇಲೆ ಇಟ್ಟುಕೊಂಡೇ ಇದ್ದೆ.

ಒಂದು ಬೆಳಿಗ್ಗೆ, ನಾದಿನಿಯೂ ಬಂದು ಕೂತಿದ್ದಾಗ, ಅತ್ತೆ ತಾವೇ ಎದ್ದು ನನ್ನ ಮೆಷಿನ್ನಿನ ಬಳಿ ಬಂದರು. ನಾನು ಯಾರೆಂಬ ಗುರುತು ಅವರಿಗಿರಲಿಲ್ಲ. ನಾನು ಹೊಲಿದಿಟ್ಟ ಕಾಲರನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು.

"ಯಾರ ಹತ್ರ ಕಲಿತೆಯಮ್ಮಾ?"

"ನಿಮ್ಮ ಹತ್ರಾನೇ, ಅತ್ತೆ."

"ಹಾಗಾದ್ರೆ ಚೆನ್ನಾಗಿ ಬೈಸ್ಕೊಂಡಿರ್ತೀಯ" ಎಂದು ನಕ್ಕು, ಕುರ್ಚಿ ಎಳೆದುಕೊಂಡು ನನ್ನ ಪಕ್ಕವೇ ಕೂತರು.

ನಾದಿನಿ ಕಣ್ಣೊರೆಸಿಕೊಂಡಳು. "ಅಮ್ಮ ಇಲ್ಲೇ ಇರ್ಲಿ ಅತ್ತಿಗೆ."

"ನಾನಿಲ್ಲೇ ಇರ್ತೀನಿ" ಎಂದರು ಅತ್ತೆ, ನನ್ನ ಕಡೆ ಬೆರಳು ತೋರಿಸಿ. "ಇವಳನ್ನೂ ಕಳಿಸ್ಬೇಡಿ. ಒಳ್ಳೆ ಕೈ."

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಅತ್ತೆ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು.