ಮರಳು ಮೂಟೆಯ ಬದಲಿಗೆ ನಾನು

ನಾನು ದಪ್ಪ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಭದ್ರಾವತಿಯ ಕಾಗದನಗರದ ಹತ್ತಿರ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಮದುವೆ ಯಾಕಾಗಲಿಲ್ಲ ಎಂದು ಫೋನಿನಲ್ಲಿ ಪರಿಚಯವಾದವರು ಕೇಳುತ್ತಾರೆ, ಎದುರಿಗೆ ಕಂಡವರು ಕೇಳುವುದಿಲ್ಲ. ನಮ್ಮ ಬೀದಿಯ ಹೆಂಗಸರ ಅಳತೆಯೆಲ್ಲ ನನಗೆ ಬಾಯಿಪಾಠ. ಆದರೆ ಟೇಪು ಹಿಡಿದಾಗ ಒಂದು ಅಂಕಿಯನ್ನೂ ಗಟ್ಟಿಯಾಗಿ ಹೇಳಿದವಳಲ್ಲ. ಯಾರ ಮೈ ಎಷ್ಟಿದೆ ಎನ್ನುವುದು ಅವರಿಗೂ ನನಗೂ ನಡುವಿನ ಮಾತು.

ನನ್ನ ತಮ್ಮನಿಗೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಒಳ್ಳೆಯ ಹುಡುಗ, ತಲೆಯಲ್ಲಿ ಮಾತ್ರ ಜೀಪು ಬಿಟ್ಟರೆ ಬೇರೇನೂ ಓಡುವುದಿಲ್ಲ. ಹಳೇ ಜೀಪೊಂದನ್ನು ಕೊಂಡ ದಿನ ಮೊದಲು ನನ್ನ ಮನೆಗೇ ತಂದು, ನನ್ನ ಕೈಯಲ್ಲೇ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದ. "ಇದ್ರಲ್ಲಿ ನಿನ್ನನ್ನ ಕೆಮ್ಮಣ್ಣುಗುಂಡಿಗೆ ಕರ್ಕೊಂಡ್ ಹೋಗ್ತೀನಿ ಅಕ್ಕ, ನೋಡ್ತಿರು" ಎಂದ. ಆ ಮಾತು ಅವನಿಗೆ ಮರೆತಿರಬಹುದು, ನನಗೆ ಮರೆಯಲಿಲ್ಲ. ಶಾಲೆಯಲ್ಲಿದ್ದಾಗ ಕೆಮ್ಮಣ್ಣುಗುಂಡಿಗೆ ಪ್ರವಾಸ ಹೊರಟ ದಿನ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದವಳು ನಾನು. ಗುಡ್ಡ ಹತ್ತುವಾಗ ಏದುಸಿರು ಬಿಟ್ಟರೆ ಹಿಂದೆ ಬರುವ ಹುಡುಗಿಯರು ನಗುತ್ತಾರೆಂಬ ಭಯ. ಇಲ್ಲಿಂದ ಅದೇನು ದೂರವಲ್ಲ. ಆದರೂ ಇಷ್ಟು ವಯಸ್ಸಾದರೂ ನೋಡಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅವನ ಫೋನು ಬಂತು. "ಅಕ್ಕ, ನಾಳೆ ಅಂಗಡಿ ರಜ. ಬೆಳಿಗ್ಗೆ ಜೀಪ್ ತಗೊಂಡ್ ಬರ್ತೀನಿ, ರೆಡಿಯಾಗಿರು. ನೀನು ಬೇಕೇ ಬೇಕು."

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಅಮ್ಮ ನಮಗೆ ಚಿಕ್ಕಂದಿನಿಂದ ಕಲಿಸಿದ್ದಳು. ತೀರಾ ತಡೆಯದಿದ್ದರೆ "ದೂರ ಹೊರಟ್ರಾ?" ಎನ್ನಬಹುದು, ಅಷ್ಟೇ. ಅಪ್ಪ ಆಸ್ಪತ್ರೆಗೆ ಹೊರಟಾಗಲೂ ಅವಳು ಕೇಳಿದ್ದು ಅಷ್ಟನ್ನೇ. ಅದೂ ಅಲ್ಲದೆ, ನೀನು ಬೇಕೇ ಬೇಕು ಎಂದು ನನಗೆ ಹೇಳುವವರು ಯಾರಿದ್ದಾರೆ? ಕೇಳಿ ಅದನ್ನು ಕೆಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಬೆಳಿಗ್ಗೆ ಬೇಗ ಎದ್ದು ಪುಳಿಯೋಗರೆ, ಮೊಸರನ್ನ ಮಾಡಿ ಡಬ್ಬಿಗೆ ತುಂಬಿದೆ. ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಸೀರೆ ಉಟ್ಟು ಮಲ್ಲಿಗೆ ಮುಡಿದೆ. ಗೇಟಿನ ಹತ್ತಿರ ನಿಂತಿದ್ದಾಗ ಎದುರುಮನೆಯಾಕೆ ಅಂಗಳಕ್ಕೆ ನೀರು ಹಾಕುತ್ತಾ "ದೂರ ಹೊರಟ್ರಾ?" ಎಂದಳು. ಅವಳು ಪಾಪ ರೂಢಿಯಂತೆ ಕೇಳಿದ್ದು. ನಾನೇ ತಡೆಯಲಾರದೆ "ಕೆಮ್ಮಣ್ಣುಗುಂಡಿಗೆ ಕಣ್ರೀ, ತಮ್ಮ ಕರ್ಕೊಂಡ್ ಹೋಗ್ತಿದಾನೆ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ. ಮೂರು ಮನೆಯ ಬಾಗಿಲಲ್ಲಿ ತಲೆ ಕಾಣಿಸಿತು. ಅವರೆಲ್ಲ ನೋಡುತ್ತಿರುವಾಗಲೇ ತಮ್ಮ ಬಂದ, ನಾನು ಜೀಪಿನ ಮುಂದಿನ ಸೀಟಿಗೆ ಹತ್ತಿದೆ. ಕೈ ಬೀಸಿದ್ದೂ ನೆನಪಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಜೀಪು ಮೊದಲಿಗಿಂತ ಎತ್ತರವಾಗಿತ್ತು. ದೊಡ್ಡ ಟೈರು ಹಾಕಿಸಿದ್ದ. ರಸ್ತೆಯ ಹಂಪು ದಾಟಿದಾಗೆಲ್ಲ ಹಿಂದಿನಿಂದ ಗರ್ರ್ ಎಂದು ತಗಡು ಉಜ್ಜುವ ಸದ್ದು ಬರುತ್ತಿತ್ತು. "ಕೇಳಿಸ್ತಾ ಅಕ್ಕ? ಒಬ್ನೇ ಬರೋವಾಗ ಇಷ್ಟು ಬರ್ಲಿಲ್ಲ" ಎಂದು ಖುಷಿಯಿಂದ ಹೇಳಿದ. ಸದ್ದು ಬಂದರೆ ಇವನಿಗೇಕೆ ಖುಷಿ ಎಂದು ನನಗೆ ಹೊಳೆಯಲಿಲ್ಲ. ಓಲ್ಡ್ ಟೌನ್ ಕಡೆ ತಿರುಗಿಸಿದಾಗ ಏನೋ ಸಣ್ಣ ಕೆಲಸವಿರಬೇಕು ಎಂದುಕೊಂಡೆ.

ಮಾರ್ಕೆಟ್ಟಿನ ಹಿಂದೆ ಒಂದು ಟಿಂಕರಿಂಗ್ ಶೆಡ್ಡಿನ ಮುಂದೆ ನಿಲ್ಲಿಸಿದ. ನಜ್ಜುಗುಜ್ಜಾದ ಕಾರುಗಳ ತಗಡು ಬಡಿದು ನೇರ ಮಾಡುವ ಜಾಗ. ಶೆಡ್ಡಿನ ಸಾಬರು ಹೊರಗೆ ಬಂದು ಜೀಪಿನ ಹಿಂದೆ ಇಣುಕಿದರು. "ಮರಳು ಮೂಟೆ ತರ್ತೀನಿ ಅಂದಿದ್ರಲ್ಲ?"

"ಮೂಟೆ ಯಾಕೆ ಸಾಬ್ರೆ? ನಮ್ಮಕ್ಕ ಬಂದಿದಾಳಲ್ಲ" ಎಂದ ನನ್ನ ತಮ್ಮ.

ವಿಷಯ ಇಷ್ಟು. ದೊಡ್ಡ ಟೈರಿಗೆ ಜಾಗವಾಗಬೇಕಾದರೆ ಹಿಂದಿನ ಎರಡೂ ಮಡ್‌ಗಾರ್ಡಿನ ಅಂಚನ್ನು ಕತ್ತರಿಸಬೇಕು. ಎಷ್ಟು ಕತ್ತರಿಸಬೇಕೆಂದು ಖಾಲಿ ಗಾಡಿಯಲ್ಲಿ ಗುರುತು ಹಾಕಿದರೆ ಮೋಸ. ಹಿಂದೆ ಜನ ಕೂತಾಗ ಬಾಡಿ ಕೆಳಗಿಳಿದು ಟೈರಿಗೆ ತಾಗುತ್ತದೆ. ಅದಕ್ಕೇ ಚೆನ್ನಾಗಿ ತೂಕ ಹೇರಿ, ಬಾಡಿ ಇಳಿದ ಮೇಲೆ ಗೀಟು ಎಳೆಯುತ್ತಾರೆ. ಆ ತೂಕ ನಾನು.

ತಮ್ಮ ಇದನ್ನು ಕೇಡಿನಿಂದ ಮಾಡಲಿಲ್ಲ. ನಮ್ಮ ಮನೆಯಲ್ಲಿ ಮೊದಲಿಂದಲೂ ಹಾಗೇ. ಟ್ರಂಕಿನ ಮುಚ್ಚಳ ಕೂರದಿದ್ದರೆ, ಹಾಸಿಗೆ ಸುತ್ತಿ ಕಟ್ಟಬೇಕಿದ್ದರೆ, "ಅವಳನ್ನ ಕರೀರಿ, ಮೇಲೆ ಕೂತ್ಕೊಳ್ಲಿ" ಎನ್ನುತ್ತಿದ್ದರು. ನಾನೂ ನಗುತ್ತಲೇ ಹೋಗಿ ಕೂರುತ್ತಿದ್ದೆ. ಅವತ್ತೂ ನಕ್ಕೆ. ಒಲ್ಲೆ ಎನ್ನಬೇಕಾದರೆ ಯಾಕೆಂದು ಹೇಳಬೇಕು, ಹೇಳಬೇಕಾದರೆ ಕೆಮ್ಮಣ್ಣುಗುಂಡಿಯ ಸುದ್ದಿ ಬಾಯಿಬಿಡಬೇಕು. ಕೂತುಬಿಡುವುದೇ ಸುಲಭವಾಗಿ ಕಂಡಿತು.

ಸ್ಟೂಲು ಇಟ್ಟರು. ಹಸಿರು ಸೀರೆ ಎತ್ತಿ ಹಿಡಿದು ಜೀಪಿನ ಹಿಂಭಾಗಕ್ಕೆ ಹತ್ತಿ ಎಡಗಡೆಯ ಚಕ್ರದ ಮೇಲಿನ ಉದ್ದ ಸೀಟಿನಲ್ಲಿ ಕೂತೆ. ಬಾಡಿ ಇಳಿದಿದ್ದು ನನಗೇ ಗೊತ್ತಾಯಿತು. "ಅಕ್ಕಾ, ಜರಾ ಹಿಂದಕ್ಕೆ ಸರೀರಿ. ಹಾಂ, ಅಲ್ಲೇ" ಎಂದು ಸಾಬರು ಕೆಳಗೆ ಕೂತು ಟೈರಿಗೂ ತಗಡಿಗೂ ನಡುವೆ ಬೆರಳಿಟ್ಟು ನೋಡಿದರು. ಆಮೇಲೆ ತಲೆ ಎತ್ತದೆಯೇ, "ಹಂಪಲ್ಲಿ ಗಾಡಿ ಕುಣೀತದಲ್ಲ, ಹಂಗೆ ಜರಾ ಮೇಲೆ ಕೆಳಗೆ ಮಾಡ್ರಿ" ಎಂದರು.

ಹಾಡುಹಗಲು, ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ, ಮಲ್ಲಿಗೆ ಮುಡಿದುಕೊಂಡು ನಾನು ಜೀಪಿನಲ್ಲಿ ಕೂತಲ್ಲೇ ಕುಣಿದೆ. ಒಂದು ಸಲ ಸಾಲದೆಂದು ಮತ್ತೆ ಕುಣಿಸಿದರು. ತಮ್ಮ ಬಗ್ಗಿ ನೋಡುತ್ತಾ "ಇನ್ನೂ ಜೋರಾಗಿ ಅಕ್ಕ! ತಾಗ್ತಿದೆ, ತಾಗ್ತಿದೆ!" ಎಂದು ಕೂಗಿದ. ಸೊಪ್ಪು ಮಾರುವವಳೊಬ್ಬಳು ಬುಟ್ಟಿ ಇಳಿಸಿಯೇ ನಿಂತಳು. ಸೈಕಲ್ಲಿನವನು ಕಾಲೂರಿದ. ಅವರು ನಗಲಿಲ್ಲ, ಸುಮ್ಮನೆ ನೋಡಿದರು. ನಕ್ಕಿದ್ದರೆ ಬೈಯಬಹುದಿತ್ತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗೆನಿಸಿತು. ನನ್ನ ಭಾರಕ್ಕೆ ಅದೂ ಹೆದರಿತೋ ಏನೋ. ಎಡಗಡೆ ಮುಗಿದ ಮೇಲೆ ಬಲಗಡೆಗೂ ಅದೇ ಆಯಿತು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದರು, ಸುಳ್ಳು ಹೇಳಬಾರದು. ಟೇಪು ಅಂಟಿಸಿ ಅದರ ಮೇಲೆ ಕಮಾನಿನಂತೆ ಗೀಟು ಎಳೆದರು. ಗೀಟಿನಿಂದ ಕೆಳಗೆ ಒಂದು ಬೆರಳಷ್ಟು ಬಿಟ್ಟು ಗ್ರೈಂಡರಿನಲ್ಲಿ ಕೊಯ್ದರು. ಬಿಟ್ಟ ಅಂಚಿಗೆ ಅಲ್ಲಲ್ಲಿ ಸಣ್ಣ ಕಚ್ಚು ಹಾಕಿ, ಸುತ್ತಿಗೆಯಿಂದ ಒಳಗೆ ಮಡಚಿ ಬಡಿದರು. ರವಿಕೆಯ ಕೊರಳಿಗೆ ನಾನು ಮಾಡುವುದೂ ಅದನ್ನೇ, ಕಚ್ಚು ಹಾಕದಿದ್ದರೆ ದುಂಡಗಿನ ಅಂಚು ಸರಿಯಾಗಿ ಮಡಚುವುದಿಲ್ಲ. ಬೇರೆ ದಿನವಾಗಿದ್ದರೆ ಹತ್ತಿರ ಹೋಗಿ ನೋಡುತ್ತಿದ್ದೆ. ಅವತ್ತು ಶೆಡ್ಡಿನ ಮೂಲೆಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತಿದ್ದೆ.

ಪ್ರೈಮರ್ ಬಳಿದು ಮುಗಿಸುವ ಹೊತ್ತಿಗೆ ತಮ್ಮನಿಗೆ ಡಬ್ಬಿ ಕಂಡಿತು. "ಇದೇನಕ್ಕ?"

"ನಿಮ್ಮಿಬ್ರಿಗೂ. ಕೆಲಸ ಲೇಟಾಗತ್ತೇನೋ ಅಂತ ಮಾಡ್ಕೊಂಡ್ ಬಂದೆ" ಎಂದೆ.

"ನೀನು ಬಿಡು, ಎಲ್ಲಾ ಮೊದ್ಲೇ ಯೋಚ್ನೆ ಮಾಡಿರ್ತೀಯ" ಎಂದು ಪುಳಿಯೋಗರೆ ಚಪ್ಪರಿಸಿ ತಿಂದ. ತಿನ್ನುತ್ತಲೇ ಹೇಳಿದ, ಬರುವ ಭಾನುವಾರ ಸ್ನೇಹಿತರ ಜೊತೆ ಕೆಮ್ಮಣ್ಣುಗುಂಡಿಗೆ ಹೊರಟಿದ್ದಾನಂತೆ. ಹಿಂದೆ ನಾಲ್ಕು ಜನ ಕೂರುತ್ತಾರೆ, ಅದಕ್ಕೇ ಇಷ್ಟು ಅರ್ಜೆಂಟು. ಮೊಸರನ್ನದ ಡಬ್ಬಿಯನ್ನೂ ಅವನ ಕಡೆ ಸರಿಸಿದೆ.

ಮಧ್ಯಾಹ್ನಕ್ಕೇ ಮನೆಗೆ ಹೋಗುವ ಹಾಗಿರಲಿಲ್ಲ. ಕೆಮ್ಮಣ್ಣುಗುಂಡಿಗೆ ಹೋದವರು ಊಟದ ಹೊತ್ತಿಗೆ ವಾಪಸ್ಸು ಬರುತ್ತಾರೆಯೇ? ಲೈನಿಂಗ್ ಬಟ್ಟೆ ತರಬೇಕು ಎಂದು ನೆಪ ಹೇಳಿ ಅವನ ಜೊತೆಯಲ್ಲೇ ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನಲ್ಲಿ ಬೇಡದ ಹುಕ್ಕು, ಬೇಡದ ದಾರ ಕೊಂಡೆ. ಆಮೇಲೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕತ್ತಲಾಗುವವರೆಗೆ ಕೂತಿದ್ದೆ. ಭದ್ರಾವತಿ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತಿದ್ದವು, ಯಾವುದನ್ನೂ ಹತ್ತಲಿಲ್ಲ. ಇಷ್ಟು ವಯಸ್ಸಿಗೆ ಬೀದಿಯವರ ಕಣ್ಣು ತಪ್ಪಿಸಲು ಹೀಗೆ ಅಡಗಿ ಕೂರಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆ ತಲುಪಿದಾಗ ಎದುರುಮನೆಯಾಕೆ ಬಾಗಿಲಲ್ಲೇ ಇದ್ದಳು. "ಬಂದ್ರಾ? ಹೇಗಿತ್ತು?"

"ಏನ್ ಚಳಿ ಮಾರಾಯ್ತಿ! ಬರೀ ಮಂಜು" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಭಾನುವಾರ ಆಕೆ ರವಿಕೆಯ ಟ್ರಯಲ್ ನೋಡಲು ಬಂದಿದ್ದಳು. ನನ್ನ ಬಾಯಲ್ಲಿ ಗುಂಡುಸೂಜಿ, ಕೈಯಲ್ಲಿ ಅವಳ ತೋಳು. ಆಗಲೇ ತಮ್ಮನ ವಿಡಿಯೋ ಕಾಲ್ ಬಂತು. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾನೆ. ಎತ್ತಿ ಫೋನನ್ನು ಮೆಷಿನ್ನಿಗೆ ಒರಗಿಸಿದೆ. ತೆರೆಯ ತುಂಬ ಟೈರು, ಅದರ ಮೇಲೆ ಹೊಸದಾಗಿ ಮಡಚಿದ ಅಂಚು.

"ನೋಡಕ್ಕ, ಹಿಂದೆ ನಾಲ್ಕು ಜನ ಕೂತ್ರೂ ಒಂಚೂರೂ ತಾಗ್ಲಿಲ್ಲ. ಎಲ್ಲಾ ನಿನ್ನಿಂದ!"

"ಟೈರ್ ಸಾಕು, ಬೆಟ್ಟ ತೋರ್ಸು" ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು.

ಫೋನು ತಿರುಗಿತು. ಬಿಳಿ ಮಂಜು, ಅದರೊಳಗೆ ಎಲ್ಲೋ ಒಂದಿಷ್ಟು ಹಸಿರು. ನನ್ನ ಕೈ ನಿಂತುಹೋಯಿತು. ಎದುರುಮನೆಯಾಕೆ ಕುತ್ತಿಗೆ ಚಾಚಿ ನೋಡಿ, "ಅಯ್ಯೋ, ಮೊನ್ನೆ ನಿಮ್ಮಕ್ಕನ್ನ ಕರ್ಕೊಂಡ್ ಹೋದಾಗ್ಲೂ ಹೀಗೇ ಮಂಜಿತ್ತಾ?" ಎಂದು ಅವನನ್ನೇ ಕೇಳಿದಳು.

ಆ ಕಡೆ ಸ್ನೇಹಿತರು ತಮ್ಮತಮ್ಮಲ್ಲೇ ನಗುತ್ತಿದ್ದದ್ದು ಕೇಳಿಸುತ್ತಿತ್ತು. ನೆಟ್‌ವರ್ಕ್ ಹೋಗಲಿ ದೇವರೇ ಎಂದು ಬೇಡಿಕೊಂಡೆ. ಹೋಗಲಿಲ್ಲ. ತೆರೆಯ ಮೇಲಿನ ಬೆಟ್ಟ ಸ್ವಲ್ಪ ಅಲ್ಲಾಡಿತು. ಹಸಿರು ಸೀರೆ, ಡಬ್ಬಿ, ಲೈನಿಂಗ್ ಬಟ್ಟೆಯ ನೆಪ, ಎಲ್ಲವೂ ಅವನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಳ್ಳುತ್ತಿರಬೇಕು.

"ಇತ್ತು" ಎಂದ ಕೊನೆಗೆ. ಅವನ ದನಿ ಸಣ್ಣಗಾಗಿತ್ತು. "ಅಕ್ಕ ಬಂದಾಗ ಇನ್ನೂ ಜಾಸ್ತಿ ಇತ್ತು."

ಓಲ್ಡ್ ಟೌನಿನಲ್ಲಿ ಅಷ್ಟು ಜನರ ಮುಂದೆ ಕುಣಿದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ತಲೆ ಎತ್ತಿ ಫೋನು ನೋಡಲಾಗಲಿಲ್ಲ. ಅವನೂ ಫೋನನ್ನು ತನ್ನ ಮುಖದ ಕಡೆ ತಿರುಗಿಸಲಿಲ್ಲ.